ಸ್ಪಷ್ಟನೆ: ಮಾರ್ಕ್‌ಡೌನ್ ಉಪಪಟ್ಟಿಗೆ ನಾಲ್ಕು ಸ್ಪೇಸ್ ಕಡ್ಡಾಯವೇ?

ಮಾರ್ಕ್‌ಡೌನ್ ಅಂದರೆ ಸಾದಾ ಪಠ್ಯದಲ್ಲೇ "-", "#" ಮುಂತಾದ ಗುರುತು ಹಾಕಿ ಪಟ್ಟಿ, ಶೀರ್ಷಿಕೆ ಮಾಡುವ ವಿಧಾನ; ಪಟ್ಟಿಯ ಒಂದು ಅಂಶದ ಕೆಳಗೆ ಬರುವ ಒಳಪಟ್ಟಿಯೇ ಉಪಪಟ್ಟಿ. ಶಿರಸಿಯ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಮಾರ್ಕ್‌ಡೌನ್‌ನಲ್ಲಿ ಉಪಪಟ್ಟಿಗೆ ನಾಲ್ಕು ಸ್ಪೇಸ್ ಬಿಡಲೇಬೇಕು, ಮೂಲ ಪ್ರೋಗ್ರಾಂನಲ್ಲೂ ಹಾಗೇ ಇದೆ." ಇದು ಸರಿಯಲ್ಲ.

ಮಾರ್ಕ್‌ಡೌನ್ ರೂಪಿಸಿದ ಜಾನ್ ಗ್ರೂಬರ್ 2004ರಲ್ಲಿ ಬರೆದ ವಿವರಣೆಯಲ್ಲಿ ನಾಲ್ಕು ಸ್ಪೇಸ್ ಹೇಳಿರುವುದು ಪಟ್ಟಿಯ ಅಂಶದೊಳಗೆ ಮುಂದುವರಿಯುವ ಪ್ಯಾರಾಗೆ. ಉಪಪಟ್ಟಿ ಬಗ್ಗೆ ಅದು ಬಿಡಿಸಿ ಹೇಳಿಲ್ಲ. ಅದನ್ನು ವೆಬ್ ಪುಟವಾಗಿಸಲು ಪರ್ಲ್ ಭಾಷೆಯಲ್ಲಿ ಅವರೇ ಬರೆದ ಮೂಲ ಪ್ರೋಗ್ರಾಂ ನಾಲ್ಕನ್ನು ಕೇಳುವುದೂ ಇಲ್ಲ.

ಹಾಗಂತ ಆ ಪ್ರೋಗ್ರಾಂ ಮಾಡಿದ್ದೇ ನಿಯಮ ಅನ್ನೋದೂ ತಪ್ಪು. ಅದರಲ್ಲಿ ದೋಷಗಳು ಜಾಸ್ತಿ. ದೋಷವನ್ನೂ ನಿಯಮ ಅಂತ ಒಪ್ಪೋಕಾಗುತ್ತಾ? ಈ ಗೊಂದಲಕ್ಕೇ 2014ರಲ್ಲಿ ಮಾರ್ಕ್‌ಡೌನ್ ನಿಯಮಗಳನ್ನು ಬಿಡಿಸಿ ಬರೆದ ಕಾಮನ್‌ಮಾರ್ಕ್ ಬಂತು. ಅದರ ಪ್ರಕಾರ ಉಪಪಟ್ಟಿಯ ಗುರುತು ಮೇಲಿನ ಸಾಲಿನ ಮೊದಲ ಅಕ್ಷರದ ನೇರಕ್ಕೆ ಬಂದರೆ ಸಾಕು. "- ಅಡಿಕೆ" ಎಂದು ಬರೆದು, ಕೆಳಗೆ "ಅ" ನೇರಕ್ಕೆ "- ರಾಶಿ", "- ಬೆಟ್ಟೆ", "- ಚಾಲಿ" ಹಾಕಿ. ಎರಡೇ ಸ್ಪೇಸ್. "1. ಅಡಿಕೆ" ಎಂದಿದ್ದರೆ ಮೂರು.

ನಾಲ್ಕೇ ಬೇಕೆನ್ನುವ ಟೂಲ್‌ಗಳೂ ಇವೆ, ಪೈಥಾನ್ ಮಾರ್ಕ್‌ಡೌನ್ ಹಾಗೆ. ಅಲ್ಲಿ ಎರಡು ಬಿಟ್ಟರೆ ಅಡಿಕೆ, ರಾಶಿ, ಚಾಲಿ ಎಲ್ಲ ಒಂದೇ ಪಟ್ಟಿಯ ಸಮಾನ ಅಂಶಗಳಾಗಿ ನಿಲ್ಲುತ್ತವೆ, ಉಪಪಟ್ಟಿ ಆಗುವುದಿಲ್ಲ. ಮೆಸೇಜ್ ಬರೆದವರು ಬಹುಶಃ ಅದನ್ನೇ ನೋಡಿದ್ದಾರೆ.