ಇಳಿಜಾರಲ್ಲೂ ಬಿಡುವಿಲ್ಲ

ಕೊಪ್ಪಳದಲ್ಲಿ ಹೊಸ ಸೈಕಲ್ ತಂದು ನಿಲ್ಲಿಸಿದರೆ ಎರಡು ಪ್ರಶ್ನೆ ಗ್ಯಾರಂಟಿ. ‘ಎಷ್ಟು ಕೊಟ್ರಿ?’ ಆಮೇಲೆ, ‘ಗೇರ್ ಎಷ್ಟು ಅದಾವ್ರಿ?’ ಮೊದಲನೆಯದಕ್ಕೆ ನಾನು ಅರ್ಧ ಬೆಲೆ ಹೇಳುತ್ತೇನೆ. ಊರು ಸಣ್ಣದು, ಮಾತು ಮನೆಗೂ ತಲುಪುತ್ತದೆ. ಎರಡನೆಯದಕ್ಕೆ ‘ಒಂದೇ’ ಅಂದ ಕೂಡಲೇ ಜನಕ್ಕೆ ನನ್ನ ಮೇಲೆ ಕನಿಕರ ಹುಟ್ಟುತ್ತದೆ. ಅರ್ಧ ಬೆಲೆಗೂ ಟೋಪಿ ಹಾಕಿಸಿಕೊಂಡ ಪಾಪ ಅಂದುಕೊಳ್ಳುತ್ತಾರೆ.

ಆ ಒಂದೂ ಮಾಮೂಲಿ ಗೇರ್ ಅಲ್ಲ. ಹಾಲು ಹಾಕುವವರ ಹಳೇ ಸೈಕಲ್ಲಿಗೂ ಒಂದೇ ಗೇರು. ಆದರೆ ಅದರ ಹಿಂದಿನ ಚಕ್ರದಲ್ಲಿ ಫ್ರೀವೀಲ್ ಇರುತ್ತದೆ. ತುಳಿಯುವುದು ನಿಲ್ಲಿಸಿದರೆ ಟಿಕ್ ಟಿಕ್ ಅನ್ನುತ್ತಾ ಚಕ್ರ ತನ್ನ ಪಾಡಿಗೆ ಓಡುತ್ತದೆ, ಕಾಲು ತಮ್ಮ ಪಾಡಿಗೆ ಇರುತ್ತವೆ. ನನ್ನದು ಫಿಕ್ಸೆಡ್ ಗೇರ್. ಹಿಂದಿನ ಹಲ್ಲಿನ ಚಕ್ರ ಗಾಲಿಯ ನಡುವಿನ ಹಬ್‌ಗೇ ಬಿಗಿಯಾಗಿ ಕೂತಿದೆ. ಗಾಲಿ ತಿರುಗುವ ತನಕ ಪೆಡಲ್ ತಿರುಗುತ್ತದೆ, ಪೆಡಲ್ ತಿರುಗುವ ತನಕ ಕಾಲು ತಿರುಗಬೇಕು. ಏರು, ಇಳಿಜಾರು, ತಿರುವು, ಮಧ್ಯೆ ಬಂದ ಸೀನು, ಯಾವುದಕ್ಕೂ ರಿಯಾಯಿತಿ ಇಲ್ಲ. ಚಿಕ್ಕ ಮಕ್ಕಳ ಮೂರು ಗಾಲಿ ಸೈಕಲ್ಲೂ ಇದೇ ಜಾತಿ. ಅದನ್ನು ಓಡಿಸುವವರಿಗೆ ಮಂಡಿ ನೋವಿರುವುದಿಲ್ಲ, ಅಷ್ಟೇ.

ಇದನ್ನೆಲ್ಲ ಅಕ್ಕನ ಮಗನಿಗೆ ಬಿಡಿಸಿ ಹೇಳಿದ್ದೆ. ಪಿಯುಸಿ ಹುಡುಗ. ‘ಗೊತ್ತೈತಿ ಬಿಡು ಮಾಮಾ’ ಅಂತ ಹತ್ತಿ ಹೊರಟ. ಓಣಿಯ ತುದಿಯವರೆಗೆ ಚೆನ್ನಾಗೇ ಹೋದ. ಅಲ್ಲಿ ಹಂಪ್ ಬಂತು. ಹಂಪ್ ಬಂದರೆ ತುಳಿಯುವುದು ಬಿಟ್ಟು ಎದ್ದು ನಿಲ್ಲುವುದು ಎಲ್ಲರ ಅಭ್ಯಾಸ ಅಲ್ವಾ? ಅವನು ನಿಂತ. ಪೆಡಲ್ ನಿಲ್ಲಲಿಲ್ಲ. ಸೀಟಿನಿಂದ ಮೇಲಕ್ಕೆದ್ದವನು ಇಳಿದಿದ್ದು ಯಾರೋ ಮನೆ ಕಟ್ಟಿಸಲು ಹಾಕಿಸಿದ್ದ ಉಸುಕಿನ ಗುಡ್ಡೆಯ ಮೇಲೆ. ಬೆನ್ನಿಗೆ ಉಸುಕು ಮೆತ್ತಿದ್ದು ಬಿಟ್ಟರೆ ಏನೂ ಆಗಲಿಲ್ಲ. ‘ಮಾಮಾ, ನಿನ್ ಸೈಕಲ್ ನನಗ ಒದೀತು’ ಅಂದ. ಈ ಯಂತ್ರದ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿದ್ದನ್ನು ನಾನು ಕೇಳಿಲ್ಲ.

ನನಗೆ ಒದ್ದಿಲ್ಲ. ಹಿಡಿದುಕೊಂಡಿದೆ. ಒಂದು ಸಂಜೆ ಮಿರ್ಚಿ ಅಂಗಡಿಯ ಮುಂದೆ ನಿಧಾನವಾಗಿ ಹೋಗುತ್ತಿದ್ದಾಗ ಪ್ಯಾಂಟಿನ ತುದಿ ಚೈನಿಗೆ ಸಿಕ್ಕಿತು. ಬೇರೆ ಸೈಕಲ್ಲಾದರೆ ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಮುಗಿಯಿತು, ಬಟ್ಟೆ ಕಕ್ಕುತ್ತದೆ. ಇದರಲ್ಲಿ ಪೆಡಲ್ ಹಿಂದಕ್ಕೆ ಹೋಗಬೇಕೆಂದರೆ ಇಡೀ ಸೈಕಲ್ಲೇ ಹಿಂದಕ್ಕೆ ಹೋಗಬೇಕು. ಸೈಕಲ್ ಹಿಂದಕ್ಕೆ ಹೋಗಬೇಕೆಂದರೆ ಅದಕ್ಕೆ ಕಟ್ಟಿಹಾಕಿಕೊಂಡ ನಾನೂ ಹೋಗಬೇಕು. ಒಂದು ಕಾಲಲ್ಲಿ ಕುಂಟುತ್ತಾ, ಒಂದು ಕಾಲನ್ನು ಪೆಡಲಿನ ಜೊತೆ ತಿರುಗಿಸುತ್ತಾ ಹಿಂದಕ್ಕೆ ಸರಿದೆ. ಒಗ್ಗರಣಿ ತಿನ್ನುತ್ತಿದ್ದವರು ಪ್ಲೇಟು ಹಿಡಿದೇ ಎದ್ದು ಬಂದರು. ‘ಬರ್ರಿ, ಬರ್ರಿ, ಇನ್ನೊಂಚೂರು ಬರ್ರಿ’ ಅಂತ ಲಾರಿಗೆ ಸೈಡ್ ತೋರಿಸಿದಂತೆ ಕೈ ಬೀಸಿದರು. ಬಟ್ಟೆ ಬಿಡಿಸಿಕೊಂಡ ಮೇಲೆ ಒಬ್ಬ ಹಿರಿಯರು, ‘ಗೇರ್ ಒಂದ ಅಂದಿದ್ರೆಲ್ಲಾ, ರಿವರ್ಸೂ ಐತಲ್ರೀ’ ಅಂದರು. ನಿಜ. ಅಭ್ಯಾಸ ಇದ್ದವರು ಈ ಸೈಕಲ್ಲನ್ನು ಹಿಂದು ಹಿಂದಕ್ಕೆ ತುಳಿದುಕೊಂಡೂ ಹೋಗುತ್ತಾರೆ. ಈಗ ಯಾರಾದರೂ ಕೇಳಿದರೆ ‘ಎರಡು ಗೇರ್’ ಅನ್ನುತ್ತೇನೆ. ಮರ್ಯಾದೆ ಸ್ವಲ್ಪ ಸುಧಾರಿಸಿದೆ.

ಹವಾಮಾನದ ವಿಷಯಕ್ಕೆ ಬರೋಣ. ಬೇಸಿಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಲವತ್ತು ಡಿಗ್ರಿ ನಮಗೇನು ಸುದ್ದಿಯಲ್ಲ. ಆದರೆ ಓಡುತ್ತಿರುವ ಫಿಕ್ಸೆಡ್ ಗೇರ್ ಮೇಲೆ ಬಾಟಲಿ ಎತ್ತಿ ನೀರು ಕುಡಿಯುವುದು ಒಂದು ವಿದ್ಯೆ. ಕಾಲು ನಿಲ್ಲುವಂತಿಲ್ಲ, ಹಾಗಾಗಿ ಮೈ ಅಲುಗುತ್ತಲೇ ಇರುತ್ತದೆ. ಅರ್ಧ ನೀರು ಮೂಗಿಗೆ, ಕಾಲು ಭಾಗ ಅಂಗಿಗೆ, ಉಳಿದದ್ದು ಬಾಯಿಗೆ. ಅಂಗಿಗೆ ಹೋದದ್ದೇ ಹೆಚ್ಚು ಉಪಯೋಗ ಅನ್ನಿ.

ಗಾಳಿ ಬೇರೆ ಮಾತು. ಆಷಾಢದಲ್ಲಿ ನಮ್ಮ ಕಡೆ ಪಡುವಣದ ಗಾಳಿ ಬೀಸುವುದನ್ನು ಕಂಡವರೇ ಬಲ್ಲರು. ಕುಕನೂರು, ಯಲಬುರ್ಗಾ ಕಡೆ ಹೊಲದ ತುಂಬ ಗಾಳಿ ಫ್ಯಾನು ಸುಮ್ನೆ ನಿಲ್ಲಿಸಿಲ್ಲ. ಕೊಪ್ಪಳದಿಂದ ಗದಗ ರಸ್ತೆ ಹಿಡಿದರೆ ಗಾಳಿ ನೇರ ಎದೆಗೆ. ಗೇರ್ ಇರುವವರು ಹಗುರ ಗೇರಿಗೆ ಇಳಿದು ಆರಾಮಾಗಿ ಕಾಲಾಡಿಸುತ್ತಾರೆ. ನನಗೆ ಇಳಿಯಲು ಇರುವುದು ಸೈಕಲ್ಲಿನಿಂದ ಮಾತ್ರ. ಹಲಗೇರಿ ದಾಟುವಾಗ ಸಜ್ಜಿ ಚೀಲ ಕಟ್ಟಿಕೊಂಡ ಹಳೇ ಸೈಕಲ್ಲಿನ ಅಜ್ಜ ಒಬ್ಬರು ನನ್ನನ್ನು ಹಿಂದಿಕ್ಕಿ, ತಿರುಗಿ ನೋಡಿ, ‘ಹಿಂದಿನ ಗಾಲಿ ಹಿಡಕೊಂಡೈತೇನ್ ತಮ್ಮಾ?’ ಅಂದರು. ವಾಪಸ್ ಬರುವಾಗ ಗಾಳಿ ಬೆನ್ನಿಗೆ. ಆಗಲಾದರೂ ಸುಖ ಅಂದುಕೊಂಡೀರಿ. ಗಾಳಿ ಸೈಕಲ್ಲನ್ನು ತಳ್ಳುತ್ತದೆ, ಸೈಕಲ್ ಪೆಡಲನ್ನು ತಳ್ಳುತ್ತದೆ, ಪೆಡಲ್ ನನ್ನ ಕಾಲನ್ನು ತುಳಿಯುತ್ತದೆ.

ಮಳೆಗಾಲದ ಕಥೆ ಕಪ್ಪು ಬಣ್ಣದ್ದು. ಇಟಗಿಯ ಮಹಾದೇವ ದೇವಾಲಯ ನೋಡಲು ಹೊರಟಿದ್ದೆ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅದು. ಶಾಸನದಲ್ಲೇ ‘ದೇವಾಲಯ ಚಕ್ರವರ್ತಿ’ ಅಂತ ಹೊಗಳಿಸಿಕೊಂಡಿದೆ. ಬನ್ನಿಕೊಪ್ಪದ ಹತ್ತಿರ ಮೊಬೈಲಿನೊಳಗಿನ ಅಕ್ಕ ‘ಬಲಕ್ಕೆ ತಿರುಗಿ’ ಅಂದಳು. ಅದು ಹೊಲದ ದಾರಿ. ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆ ಭೂಮಿ.

ಎರೆ ಮಣ್ಣು ಗೊತ್ತಿಲ್ಲದವರಿಗೆ ಒಂದು ಮಾತು. ಅದು ಅಂಟುವುದಿಲ್ಲ, ಸಂಬಂಧ ಬೆಳೆಸುತ್ತದೆ. ಮೊದಲ ಸುತ್ತಿಗೆ ಟೈರಿಗೆ ಒಂದು ಪದರ. ಎರಡನೇ ಸುತ್ತಿಗೆ ಆ ಪದರಕ್ಕೆ ಇನ್ನೊಂದು, ಜೊತೆಗೆ ಹುಲ್ಲು, ಹತ್ತಿ ಕಟ್ಟಿಗೆಯ ಚೂರು. ನನ್ನ ಸೈಕಲ್ಲಿನ ಫ್ರೇಮ್ ಮೂಲತಃ ವೆಲೊಡ್ರೋಮ್‌ನಲ್ಲಿ, ಅಂದರೆ ನುಣುಪಾದ ರೇಸ್ ಟ್ರ್ಯಾಕಿನಲ್ಲಿ ಓಡಲು ಹುಟ್ಟಿದ ಜಾತಿ. ಟೈರಿಗೂ ಫೋರ್ಕಿಗೂ ನಡುವೆ ಒಂದು ಬೆರಳಿನಷ್ಟೇ ಜಾಗ. ಆ ಜಾಗ ತುಂಬಿತು. ಹಿಂದಿನ ಗಾಲಿ ನಿಂತಿತು. ಗಾಲಿ ನಿಂತರೆ ಪೆಡಲ್ ನಿಂತಿತು, ಪೆಡಲ್ ನಿಂತರೆ ನಾನು ಪಕ್ಕಕ್ಕೆ, ಮೆತ್ತಗೆ, ಪೂರ್ತಿ ಮಲಗಿದೆ. ಎದ್ದು ಜಾಲಿ ಕಡ್ಡಿ ಮುರಿದು ಮಣ್ಣು ಕೆರೆದೆ. ಚೈನಿನ ಒಂದೊಂದು ಕೊಂಡಿಯಲ್ಲೂ ಕಪ್ಪು ಕರಿಗಡುಬಿನ ಹೂರಣದಂತೆ ಮಣ್ಣು ತುಂಬಿತ್ತು. ಎರಡು ಹೆಜ್ಜೆ ತಳ್ಳಿದರೆ ಮತ್ತೆ ಅದೇ. ಕೊನೆಗೆ ಹೆಗಲ ಮೇಲೆ ಹೊತ್ತೆ. ಬದುವಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ ರೈತರೊಬ್ಬರು, ‘ಮಳಿ ಆದ್ರ ಎತ್ತನೂ ಎರಿಯಾಗ ಇಳಿಸಂಗಿಲ್ರೀ ನಾವು. ಬರ್ರಿ, ರೊಟ್ಟಿ ತಿನ್ರಿ, ಬಿಸಲು ಬೀಳ್ಲಿ’ ಅಂದರು. ತಿಂದೆ. ಸೇಂಗಾ ಚಟ್ನಿಪುಡಿ ಬಹಳ ಚೆನ್ನಾಗಿತ್ತು. 1112ರಿಂದ ನಿಂತಿರುವ ಗುಡಿ, ಇನ್ನರ್ಧ ಗಂಟೆ ಕಾಯುವುದಿಲ್ವಾ?

ಗುಡ್ಡದ ಸುದ್ದಿ ಬೇಕೆಂದರೆ ಆನೆಗೊಂದಿ ಕಡೆ ಹೋಗಬೇಕು. ಸಾಣಾಪುರದ ಸುತ್ತ ಬಂಡೆಗಳ ನಡುವೆ ರಸ್ತೆ ಏರುತ್ತದೆ, ಇಳಿಯುತ್ತದೆ. ಏರು ನನಗೆ ತೊಂದರೆ ಇಲ್ಲ. ಗಾಲಿಯೇ ಪೆಡಲನ್ನು ಮೇಲೆ ತಂದುಕೊಡುತ್ತದೆ, ಒಂದು ಲಯ ಸಿಗುತ್ತದೆ, ನನಗಂತೂ ಅದೇ ಇಷ್ಟ. ಕಷ್ಟ ಇರುವುದು ಇಳಿಯುವಾಗ. ಲೆಕ್ಕ ಸುಲಭ. ಮುಂದೆ 46 ಹಲ್ಲು, ಹಿಂದೆ 16. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 6 ಮೀಟರ್ ಹೋಗುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಒಂದು ನಿಮಿಷಕ್ಕೆ ಕಾಲು 83 ಸುತ್ತು ತಿರುಗಬೇಕು. 45 ಮುಟ್ಟಿದರೆ 125. ಆ ಹೊತ್ತಿಗೆ ಕಾಲು ನನ್ನದಾಗಿರುವುದಿಲ್ಲ. ಮುಂದೆ ಒಂದು ಬ್ರೇಕ್ ಇದೆ, ಅದನ್ನು ಹಿಡಿಯುತ್ತಾ ಪೆಡಲನ್ನು ಹಿಂದಕ್ಕೆ ಒತ್ತುತ್ತಾ ವೇಗ ಇಳಿಸಬೇಕು. ಹೀಗೆ ಇಳಿಯುತ್ತಿದ್ದಾಗ ತಿರುವಿನಲ್ಲಿ ಕುರಿ ಹಿಂಡು. ಮುಂದಕ್ಕೆ ಬಾಗಿ ಹಿಂದಿನ ಗಾಲಿ ಹಗುರ ಮಾಡಿ ಎರಡೂ ಕಾಲು ಬಿಗಿದೆ. ಟೈರು ಕಿರ್ರೆಂದು ಜಾರಿತು. ಕುರಿಗಳು ತಲೆಯೂ ಎತ್ತಲಿಲ್ಲ. ಕುರಿ ಕಾಯುವಾತ ಮಾತ್ರ ನನ್ನ ಕಾಲನ್ನೇ ನೋಡುತ್ತಾ, ‘ಇಳುವಿನ್ಯಾಗೂ ಯಾಕ್ ತುಳೀತಿ ಯಪ್ಪಾ? ಯಾರರ ಬೆನ್ನ ಹತ್ಯಾರೇನು?’ ಅಂದ.

ಹೀಗೆ ಜಾರಿಸುವುದಕ್ಕೆ ಖರ್ಚೂ ಇದೆ. ನಾನು ಯಾವಾಗಲೂ ಒಂದೇ ಕಾಲು ಮುಂದಿಟ್ಟು ಬಿಗಿಯುತ್ತೇನೆ. 46ಕ್ಕೆ 16ರ ಲೆಕ್ಕದಲ್ಲಿ ಟೈರು ನೆಲ ಉಜ್ಜುವುದು ಎಂಟೇ ಜಾಗದಲ್ಲಿ. ಟೈರು ಬದಲಿಸುವಾಗ ಸೈಕಲ್ ಶಾಪಿನವರು ಆ ಬೋಳು ಜಾಗಗಳನ್ನು ಬೆರಳಿಟ್ಟು ಎಣಿಸಿ, ‘ಉಳಿದದ್ದೆಲ್ಲಾ ಹೊಸದು ಇದ್ದಂಗ ಐತಲ್ರೀ’ ಅಂತ ಹೊಟ್ಟೆ ಉರಿಸಿದರು.

ಮನೆಯಲ್ಲಿ ಈ ಸೈಕಲ್ಲಿನ ಪರವಾಗಿ ನಾನು ಇತಿಹಾಸ ತರುತ್ತೇನೆ. 1903ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಶುರು ಮಾಡಿದ ಆಂರಿ ಡೆಗ್ರಾಂಜ್‌ಗೆ ಗೇರ್ ಅಂದರೆ ಆಗುತ್ತಿರಲಿಲ್ಲ. ಅವರೇ 1893ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಗಂಟೆಯಲ್ಲಿ 35.325 ಕಿ.ಮೀ. ತುಳಿದ ದಾಖಲೆಗಾರ. ಟೂರ್ ಡಿ ಫ್ರಾನ್ಸ್‌ನಲ್ಲಿ ಈಗಿನಂಥ ಗೇರ್ ಬದಲಿಸುವ ಡಿರೇಲರ್‌ಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಲ್ಲಿಯತನಕ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಪಕ್ಕದ ಹಲ್ಲಿನಲ್ಲಿ ಹತ್ತುತ್ತಿದ್ದರು. ಗೇರ್ ಏನಿದ್ದರೂ ನಲವತ್ತೈದು ದಾಟಿದವರಿಗೆ ಅಂತ ಡೆಗ್ರಾಂಜ್ 1902ರಲ್ಲಿ ಬರೆದಿದ್ದರು. ಇದನ್ನು ನಾನು ಹೆಮ್ಮೆಯಿಂದ ಹೇಳಿ ಮುಗಿಸಿದೆ. ನನ್ನ ಹೆಂಡತಿ ಕಾಳು ಆರಿಸುತ್ತಲೇ, ‘ಹಂಗಾದ್ರ ನಿಮಗ ಎರಡ ವರ್ಷದ ಹಿಂದನ ಪರ್ಮಿಷನ್ ಸಿಕ್ಕೈತಲ್ರೀ’ ಅಂದಳು.

ಅಷ್ಟಕ್ಕೇ ಬಿಡಲಿಲ್ಲ. ನನ್ನ ಹಬ್‌ನ ಇನ್ನೊಂದು ಪಕ್ಕದಲ್ಲೂ ತಿರುಪಿನ ಮರೆ ಇದೆ, ಗಾಲಿ ತಿರುಗಿಸಿ ಹಾಕಿದರೆ ಅಲ್ಲಿ ಫ್ರೀವೀಲ್ ಕೂರುತ್ತದೆ ಅನ್ನುವುದನ್ನು ಸೈಕಲ್ ಶಾಪಿನವರಿಂದಲೇ ತಿಳಿದುಕೊಂಡು ಬಂದಳು. ಬರುವಾಗ ಒಂದು ಫ್ರೀವೀಲನ್ನೂ ಕೊಂಡು ತಂದಳು. ಸೈಕಲ್ಲಿನ ನಿಜವಾದ ಬೆಲೆಯೂ ಅಲ್ಲೇ ಗೊತ್ತಾಯಿತಂತೆ. ಆ ಬಗ್ಗೆ ನಡೆದ ಮಾತುಕತೆ ಇಲ್ಲಿ ಬೇಡ.

ಫ್ರೀವೀಲ್ ಈಗ ಹಾಲ್‌ನಲ್ಲಿ ಕರೆಂಟ್ ಬಿಲ್ಲಿನ ಮೇಲಿದೆ. ಒಳ್ಳೆ ಭಾರ. ಕಿಟಕಿ ತೆರೆದಿಟ್ಟರೂ ಆಷಾಢದ ಗಾಳಿಗೆ ಒಂದು ಕಾಗದ ಹಾರಿಲ್ಲ. ‘ಇರ್ಲಿ ಬಿಡ್ರಿ’ ಅನ್ನುತ್ತಾಳೆ ಅವಳು, ‘ಮನ್ಯಾಗ ಒಂದಾದ್ರೂ ಸುಮ್ನ ಕುಂತೈತಿ.’