ಮಕ್ಕಳ ಕೋಚ್ ಅಂದರೆ ಅಷ್ಟು ಸಸಾರವೇ?

ಮೈಸೂರಿನಿಂದ ಭಾವ ಫೋನ್ ಮಾಡಿದ್ದರು. ಕೆನಡಾದಲ್ಲಿರುವ ನನ್ನ ಐಸ್ ಹಾಕಿ ಹುಚ್ಚು ಅವರಿಗೆ ಗೊತ್ತು. 'ಅಲ್ಲ ಕಣೋ, ನಿಮ್ಮ ಮಾಂಟ್ರಿಯಲ್ ತಂಡದ ಕೋಚು ಮೊದಲು ಚಿಕ್ಕ ಮಕ್ಕಳಿಗೆ ಆಡಿಸ್ತಿದ್ದನಂತೆ? ಪಾಪ, ಬೇರೆ ಕೆಲಸ ಸಿಗಲಿಲ್ವೇನೋ' ಅಂತ ನಕ್ಕರು. ಚುರ್ ಅಂತು.

ಆತ ಮಾರ್ಟಿನ್ ಸೇಂಟ್ ಲೂಯಿ. ಇಲ್ಲೇ ಪಕ್ಕದ ಲವಾಲ್‌ನಲ್ಲಿ ಹುಟ್ಟಿದವನು. ಎತ್ತರ ಐದಡಿ ಎಂಟಿಂಚು, ಈ ಆಟದವರ ನಡುವೆ ಗಿಡ್ಡ. ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಎನ್‌ಎಚ್‌ಎಲ್ ಅನ್ನುವ ಇಲ್ಲಿನ ದೊಡ್ಡ ಹಾಕಿ ಲೀಗಿನ ಯಾವ ತಂಡವೂ ಅವನನ್ನು ಆರಿಸಲಿಲ್ಲ. ಆಮೇಲೆ ಸೇರಿಸಿಕೊಂಡ ಕ್ಯಾಲ್ಗರಿ ತಂಡ 2000ರಲ್ಲಿ ಕೈಬಿಟ್ಟಿತು. ಟ್ಯಾಂಪಾ ಬೇ ತಂಡ ಕರೆದುಕೊಂಡಿತು. 2004ರಲ್ಲಿ ಆ ತಂಡ ಲೀಗಿನ ಸ್ಟಾನ್ಲಿ ಕಪ್ ಗೆದ್ದಾಗ ಇಡೀ ಲೀಗಿನಲ್ಲಿ ಜಾಸ್ತಿ ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸು ಎರಡೂ ಸೇರಿ) ಇವನದೇ. 2013ರಲ್ಲಿ, 37ನೇ ವಯಸ್ಸಿನಲ್ಲಿ, ಇನ್ನೊಮ್ಮೆ ಪಾಯಿಂಟಿನಲ್ಲಿ ಇವನೇ ಮುಂದು. ಇಂಥವನು 2015ರಲ್ಲಿ ಆಟ ಬಿಟ್ಟು ಅಮೆರಿಕದ ಕನೆಕ್ಟಿಕಟ್‌ನಲ್ಲಿ ತನ್ನ ಮಕ್ಕಳ ತಂಡಗಳಿಗೆ ಕೋಚ್ ಆಗಿ ನಿಂತ. 2022ರ ಫೆಬ್ರವರಿಯಲ್ಲಿ ನಮ್ಮ ಮಾಂಟ್ರಿಯಲ್ ತಂಡ ಕನೇಡಿಯನ್ಸ್ ಕರೆದಾಗ ದೊಡ್ಡವರ ಯಾವ ತಂಡಕ್ಕೂ ಮುಖ್ಯ ಕೋಚ್ ಆಗಿದ್ದವನಲ್ಲ.

ನಮ್ಮಲ್ಲಿ ಮಕ್ಕಳಿಗೆ ಆಟ ಕಲಿಸುವವರ ಗತಿ ನೋಡಿ. ಪೋರ್ಷನ್ ಮುಗಿದಿಲ್ಲ ಅಂತ ಗಣಿತದ ಮೇಷ್ಟ್ರು ಪಿ.ಟಿ. ಪೀರಿಯಡ್ಡನ್ನೇ ಕಿತ್ತುಕೊಳ್ಳುತ್ತಿದ್ದರು. ಪಿ.ಟಿ. ಮೇಷ್ಟ್ರು ಬಾಗಿಲ ತನಕ ಬಂದು ಸುಮ್ನೆ ವಾಪಸ್ ಹೋಗುವರು. ಅವರ ಪಾಲಿಗೆ ಉಳಿದಿದ್ದು ಆಗಸ್ಟ್ 15ರ ಕವಾಯತು, ಸ್ಕೂಲ್ ಡೇ ಕುರ್ಚಿ ಎಣಿಕೆ. ಅವರು ಒಂದು ಕಾಲಕ್ಕೆ ಏನು ಆಡಿದ್ದರು ಅಂತ ನಾವ್ಯಾರೂ ಕೇಳಲೇ ಇಲ್ಲ.

ಇಲ್ಲಿ ನನ್ನ ಮಗನ ಕೋಚ್ ಒಬ್ಬ ಮಾಮೂಲಿ ಅಕೌಂಟೆಂಟ್. ಶನಿವಾರ ಬೆಳಗ್ಗೆ ಬೆಳಕು ಹರಿಯುವ ಮುಂಚೆ ರಿಂಕಿಗೆ ಬಂದು ಹುಡುಗರ ಸ್ಕೇಟ್ ಲೇಸು ಬಿಗಿಯುತ್ತಾನೆ. ಸಂಬಳ ಇಲ್ಲ. ತರಕಾರಿ ಅಂಗಡಿಯಲ್ಲಿ ಕಂಡರೂ ಮಕ್ಕಳು 'ಕೋಚ್' ಅಂತ ಓಡಿಹೋಗುತ್ತಾರೆ.

ಸರಿ, ನಮ್ಮ ದ್ರಾವಿಡ್ ಇದ್ದಾನಲ್ಲ ಅಂತೀರಿ. ಹೌದು, ದೊಡ್ಡವರ ತಂಡಕ್ಕಿಂತ ಮುಂಚೆ 19ರೊಳಗಿನ ಹುಡುಗರಿಗೆ ಕೋಚ್ ಆಗಿದ್ದ. 2018ರಲ್ಲಿ ಅವರು ವಿಶ್ವಕಪ್ಪನ್ನೂ ಗೆದ್ದರು. ಆದರೆ ಅವರು ದೇಶದ ಜೆರ್ಸಿ ತೊಟ್ಟ ಹುಡುಗರು. ಬ್ಯಾಟು ಎತ್ತಲಾಗದ ಎಂಟು ವರ್ಷದವರ ಮಾತು ಬೇರೆ, ಅಲ್ವಾ?

ಇಲ್ಲಿಯೂ ಎಲ್ಲ ಚೆನ್ನಾಗಿದೆ ಅಂತಲ್ಲ. ಹಾಕಿ ಸಾಮಾನಿನ ಬೆಲೆ ಕೇಳಿದರೆ ಜೇಬು ಉರಿಯುತ್ತದೆ. ರೆಫ್ರಿಗೆ ಬೈಯುವ ಅಪ್ಪಂದಿರು ಇಲ್ಲೂ ಇದ್ದಾರೆ. ಸೇಂಟ್ ಲೂಯಿ ಬಂದ ಸೀಸನ್ನಿನಲ್ಲಿ ಮಾಂಟ್ರಿಯಲ್ ಮುಗಿಸಿದ್ದು ಲೀಗಿನ ಕಟ್ಟಕಡೆಯ ಸ್ಥಾನದಲ್ಲಿ. ಪ್ಲೇಆಫ್ ಮುಟ್ಟಲು 2025 ಬರಬೇಕಾಯಿತು.

ಇನ್ನೊಂದು ಮಾತನ್ನೂ ಒಪ್ಪಲೇಬೇಕು. ಕೋಟಿಗಟ್ಟಲೆ ದುಡಿದವನಿಗೆ ಪುಕ್ಕಟೆ ಕಲಿಸಲು ಪುರುಸೊತ್ತಿರುತ್ತದೆ. ನಮ್ಮ ಅಕೌಂಟೆಂಟ್ ಐದಕ್ಕೆಲ್ಲ ಆಫೀಸಿನಿಂದ ಹೊರಬೀಳುತ್ತಾನೆ. ಬೆಂಗಳೂರಿನ ಅಪ್ಪ ಐದಕ್ಕೆ ಹೊರಟರೂ ಏಳಕ್ಕೆ ಸಿಲ್ಕ್ ಬೋರ್ಡ್ ದಾಟಿದ್ದರೆ ಪುಣ್ಯ.