ಕೆಮಿಸ್ಟ್ರಿಯಿಂದ ಶುರು ಮಾಡಬೇಕಿತ್ತು

ಕಳೆದ ಭಾನುವಾರ ಮೈಸೂರಿನಿಂದ ಅಕ್ಕ ಫೋನ್ ಮಾಡಿದ್ದಳು. ಮಗಳು ಕಮ್ಯುನಿಟಿ ಕಾಲೇಜಿನಲ್ಲಿ ಓದುತ್ತಿದ್ದಾಳೆ ಅಂದೆ. "ಯಾಕೋ, ಮಾರ್ಕ್ಸ್ ಬರ್ಲಿಲ್ವಾ?" ಅಂದಳು. ಫೋನ್ ಇಟ್ಟ ಮೇಲೂ ಆ ಮಾತು ಚುಚ್ಚುತ್ತಲೇ ಇತ್ತು.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದು ಸೋತವರು ಹೋಗುವ ಜಾಗ ಅಲ್ಲ. ಮನೆ ಹತ್ತಿರವೇ ಎರಡು ವರ್ಷದಲ್ಲಿ 60 ಸೆಮಿಸ್ಟರ್ ಯೂನಿಟ್ (ಕೋರ್ಸುಗಳನ್ನು ಅಳೆಯುವ ಲೆಕ್ಕ) ಓದಿ, ಆಮೇಲೆ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಸೇರಬಹುದು. ರಾಜ್ಯದವರಿಗೆ ಯೂನಿಟ್‌ಗೆ 46 ಡಾಲರ್ ಫೀಸು. ಡೇವಿಸ್, ಇರ್ವೈನ್ ಸೇರಿದಂತೆ ಯುಸಿಯ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ, 6 ಕ್ಯಾಂಪಸ್‌ಗಳಲ್ಲಿ ಎಷ್ಟೋ ಮೇಜರ್‌ಗಳಿಗೆ (ಡಿಗ್ರಿಯ ಮುಖ್ಯ ವಿಷಯಗಳಿಗೆ), ಹೇಳಿದ ಕೋರ್ಸು, ಗ್ರೇಡು ಇದ್ದರೆ ಸೀಟು ಖಾತ್ರಿ.

ಊರಲ್ಲಿ ನನ್ನ ತಮ್ಮ ಎಸ್ಸೆಸ್ಸೆಲ್ಸಿ ಆದ ಮೇಲೆ ಅಪ್ಪನ ಮಾತಿಗೆ ಕಾಮರ್ಸ್ ಸೇರಿದ. ಎರಡನೇ ಪಿಯುಸಿ ಹೊತ್ತಿಗೆ ಪಕ್ಕದ ಮನೆ ಹುಡುಗನ ಬಯಾಲಜಿ ಪುಸ್ತಕ ತಂದು ಓದುತ್ತಿದ್ದ. ಬಿಎಸ್ಸಿ ಸೇರ್ತೀನಿ ಅಂತ ಹೋದರೆ, ಪಿಯುಸಿಯಲ್ಲಿ ಸೈನ್ಸ್ ಇಲ್ಲ, ಆಗಲ್ಲ ಅಂದರು. ಅಲ್ಲಿಗೆ ಮುಗಿಯಿತು. 16ನೇ ವಯಸ್ಸಿಗೆ ಹಾಕಿದ ಒಂದು ಟಿಕ್ ಮಾರ್ಕು! ಇಲ್ಲಿ ಮಗಳ ಕ್ಲಾಸಿನಲ್ಲಿ ರಾತ್ರಿಯೆಲ್ಲ ಲಾರಿ ಓಡಿಸಿ ಬರುವ 41 ವರ್ಷದವರೊಬ್ಬರಿದ್ದಾರೆ. ಗಣಿತವನ್ನು ಕೆಳಗಿನಿಂದ ಶುರು ಮಾಡಿ ಬಯಾಲಜಿ ಮೇಜರ್‌ಗೆ ಹೊರಟಿದ್ದಾರೆ. ಇಷ್ಟು ವರ್ಷ ಎಲ್ಲಿದ್ದಿರಿ ಅಂತ ಯಾರೂ ಕೇಳಿಲ್ಲ. ಅವರ ವಿಷಯ ಕೇಳಿದಾಗೆಲ್ಲ ನನಗೆ ತಮ್ಮನೇ ನೆನಪಾಗುತ್ತಾನೆ.

ಆದರೆ ನಾವೂ ಎಡವಿದೆವು, ಅದನ್ನೂ ಹೇಳಬೇಕು. ಮೊದಲು ಇಂಗ್ಲಿಷು, ಹಿಸ್ಟರಿ ಮುಗಿಸು, ಸೈನ್ಸ್ ಆಮೇಲೆ ನೋಡಿಕೊಂಡರಾಯ್ತು ಅಂತ ಕಾಲೇಜಿನಲ್ಲಿ ಕೋರ್ಸಿನ ಬಗ್ಗೆ ಸಲಹೆ ಕೊಡುವ ಒಬ್ಬ ಕೌನ್ಸಿಲರ್ ಹೇಳಿದರು. ನಂಬಿದೆವು. ಮಗಳ ಹಾಗೆ ಬಯೋಕೆಮಿಸ್ಟ್ರಿಗೆ ಹೋಗುವವರಿಗೆ ಅದು ಉಲ್ಟಾ ದಾರಿ. ಜನರಲ್ ಕೆಮಿಸ್ಟ್ರಿಗೇ ಒಂದು ವರ್ಷ ಬೇಕು. ಅದು ಮುಗಿಯದೆ ಆರ್ಗ್ಯಾನಿಕ್‌ಗೆ ಕೂರಿಸಲ್ಲ, ಅದಕ್ಕೆ ಇನ್ನೊಂದು ವರ್ಷ. ಫಿಸಿಕ್ಸ್‌ಗೂ ಮೊದಲು ಕ್ಯಾಲ್ಕುಲಸ್ ಆಗಬೇಕು. ಮೊದಲ ಸೆಮಿಸ್ಟರಿನಲ್ಲೇ ಕೆಮಿಸ್ಟ್ರಿ ಬಿಟ್ಟರೆ ಎರಡು ವರ್ಷ ಮೂರಾಗುತ್ತದೆ. ಅಸಿಸ್ಟ್ ಅನ್ನುವ ಅಧಿಕೃತ ವೆಬ್‌ಸೈಟಿನಲ್ಲಿ ನಮ್ಮ ಕಾಲೇಜಿನ ಯಾವ ಕೋರ್ಸು ಡೇವಿಸ್‌ನಲ್ಲಿ ಯಾವುದಕ್ಕೆ ಸಮ ಅಂತ ಸಾಲುಸಾಲಾಗಿ ಇದೆ. ಮಗಳು ಅದನ್ನು ತೆಗೆದು ನೋಡುವ ಹೊತ್ತಿಗೆ ಒಂದು ಸೆಮಿಸ್ಟರ್ ಹೋಗಿತ್ತು.

ಊರಲ್ಲಿ ಯಾವ ಮಗುವೂ ಹೀಗೆ ಒಂಟಿಯಾಗಿ ಕೂತು ಲೆಕ್ಕ ಹಾಕಬೇಕಿಲ್ಲ. ಪಿಸಿಎಂಬಿ ಅಂದರೆ ಇಡೀ ಕ್ಲಾಸು ಒಟ್ಟಿಗೆ ನಡೆಯುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನು ಬೇರೆಯವರು ಆಗಲೇ ಯೋಚಿಸಿರುತ್ತಾರೆ. ಮನಸ್ಸಿಲ್ಲದಿದ್ದರೂ ಇಷ್ಟನ್ನು ಅಕ್ಕನ ಪರವಾಗಿ ಒಪ್ಪುತ್ತೇನೆ.

ನಾಳೆ ಬೆಳಗ್ಗೆ 7ಕ್ಕೆ ರಿಜಿಸ್ಟ್ರೇಷನ್ ಶುರು. ಕೆಮಿಸ್ಟ್ರಿ ಲ್ಯಾಬಿನ ಸೀಟು ಬೇಗ ತುಂಬುತ್ತವಂತೆ. ಆರೂವರೆಗೇ ಎಬ್ಬಿಸು ಅಪ್ಪಾ ಅಂತ ಹೇಳಿ ಮಲಗಿದ್ದಾಳೆ.